ಏಳನೇ ಸಾಲಿನ ಹೆಸರು

ನನ್ನ ಗಂಡ ನನಗೆ ಇಟ್ಟ ಹೆಸರು ‘ಸತ್ತವರ ವಕೀಲೆ’. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನಾನು ಮಾಡುವ ಕೆಲಸ ಏನು ಅಂತ ಅವನ ಅಕ್ಕಂದಿರಿಗೆ ಇನ್ನೂ ತಲೆಗೆ ಹತ್ತಿಲ್ಲ. ಪ್ರತಿ ಸಲ ವಿವರಿಸಿ ಸಾಕಾಗಿ ಅವನು ಇದನ್ನು ಹುಡುಕಿಕೊಂಡ. ಅವನು ಲೆಕ್ಕದ ಮೇಷ್ಟ್ರು. ಅವನ ಕೆಲಸವನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ನನ್ನ ಕಾರ್ಡಿನ ಮೇಲೆ ‘ಸ್ವತಂತ್ರ ಸಾರ್ವಜನಿಕ ಇತಿಹಾಸ ಸಲಹೆಗಾರ್ತಿ’ ಅಂತ ಇದೆ. ಅಷ್ಟುದ್ದ ಹಿಡಿಸುವುದಕ್ಕೆ ಅಚ್ಚಿನವನು ಅಕ್ಷರವನ್ನು ಇರುವೆ ಸಾಲಿನಷ್ಟು ಸಣ್ಣದು ಮಾಡಬೇಕಾಯಿತು. ಸ್ವತಂತ್ರ ಅಂದರೆ ನನಗೊಂದು ಕುರ್ಚಿಯಿಲ್ಲ, ಮೇಲಧಿಕಾರಿಯಿಲ್ಲ, ತಪ್ಪಾದಾಗ ಹೊರಿಸುವುದಕ್ಕೆ ಬೇರೆಯವರ ತಲೆಯೂ ಇಲ್ಲ. ನೂರು ವರ್ಷ ತುಂಬಿದ ಆಸ್ಪತ್ರೆಯವರು ಕರೆಯುತ್ತಾರೆ, ರೈಲು ನಿಲ್ದಾಣದವರು ಕರೆಯುತ್ತಾರೆ, ಮುಚ್ಚಿಹೋದ ಕಾರ್ಖಾನೆಯನ್ನು ಕೊಂಡವರು ಕರೆಯುತ್ತಾರೆ. ನಾನು ಗೆದ್ದಲು ತಿಂದ ಕಡತ ಬಿಡಿಸುತ್ತೇನೆ, ವಯಸ್ಸಾದವರ ಮುಂದೆ ರೆಕಾರ್ಡರ್ ಇಟ್ಟುಕೊಂಡು ಕೂರುತ್ತೇನೆ, ಕೊನೆಗೆ ಬಸ್ಸಿಗೆ ಕಾಯುವವನೂ ನಿಂತು ಓದುವ ಹಾಗೆ ಇನ್ನೂರು ಪದದಲ್ಲಿ ಬರೆದುಕೊಡುತ್ತೇನೆ. ಆಮೇಲೆ ಅವರು ಅದನ್ನು ಗೋಡೆಗೆ ಹಾಕಿ, ಅದರ ಮುಂದೆ ಹೂಕುಂಡ ಇಟ್ಟು ಮುಚ್ಚುತ್ತಾರೆ.

ನನಗೆ ಎರಡು ನಿಯಮಗಳಿದ್ದವು. ಬಾಯಿಮಾತನ್ನು ಕಾಗದದ ಜೊತೆ ತಾಳೆ ನೋಡದೆ ಬರೆಯುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಾನಲ್ಲ. ಎರಡನೆಯದು, ಒಬ್ಬರು ಹೇಳಿದ್ದನ್ನೆಲ್ಲ ನಾನು ಅಕ್ಷರ ಬಿಡದೆ ಟೈಪ್ ಮಾಡಿ ಅವರ ಕೈಗೆ ಕೊಡುತ್ತೇನೆ. ಅವರು ಪೂರ್ತಿ ಓದಿ, ಪುಟಪುಟಕ್ಕೂ ಸಹಿ ಹಾಕುವ ತನಕ ಆ ಮಾತು ಅವರದ್ದು, ನನ್ನದಲ್ಲ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬ ಹಳೆಯ ಅಚ್ಚುಮೊಳೆ ಜೋಡಿಸುವವರ ಮಾತನ್ನು ಅವರಿಗೆ ತೋರಿಸದೆ ಫಲಕಕ್ಕೆ ಹಾಕಿಬಿಟ್ಟಿದ್ದೆ. ಅದರಲ್ಲಿ ತಮ್ಮನ ಬಗ್ಗೆ ಸಿಟ್ಟಿನಲ್ಲಿ ಆಡಿದ ಒಂದು ವಾಕ್ಯ ಇತ್ತು. ಅಣ್ಣತಮ್ಮ ಆಮೇಲೆ ಮಾತಾಡಲೇ ಇಲ್ಲ. ಅಣ್ಣ ಹಾಗೇ ಸತ್ತರು. ಅಂದಿನಿಂದ ಈ ನಿಯಮವನ್ನು ನಾನು ಒಮ್ಮೆಯೂ ಮುರಿದಿರಲಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಒಂದು ನೂಲಿನ ಗಿರಣಿಯ ಕೆಲಸ ಬಂತು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕೊಂಡ ಕಂಪನಿಯವರು ಅಲ್ಲಿ ಅಂಗಡಿ, ಕಚೇರಿ ಎಲ್ಲ ಕಟ್ಟುತ್ತಿದ್ದರು. ಐವತ್ತೆಂಟು ವರ್ಷದ ಹಿಂದೆ ಅಲ್ಲಿ ಹತ್ತಿ ಬಿಡಿಸುವ ಕೋಣೆಗೆ ಬೆಂಕಿ ಬಿದ್ದು ಹನ್ನೆರಡು ಹೆಂಗಸರು ಸತ್ತಿದ್ದರು. ಹಳೆಯ ಹೊಗೆ ಕೊಳವೆಯ ಬುಡದಲ್ಲಿ ಕಪ್ಪು ಕಲ್ಲಿನ ಗೋಡೆ ನಿಲ್ಲಿಸಿ ಆ ಹನ್ನೆರಡು ಹೆಸರು ಕೆತ್ತಿಸಬೇಕು, ಕೆಳಗೆ ನಾಲ್ಕು ಸಾಲು ಬರಹ ಬೇಕು. ಹೆಸರು ಸರಿಯಾಗಿವೆಯೇ ಅಂತ ನೋಡಿಕೊಡುವುದು, ಆ ಸಾಲು ಬರೆಯುವುದು ನನ್ನ ಕೆಲಸ.

ಹೆಸರುಗಳು ಆಗಿನ ವಿಚಾರಣೆಯ ವರದಿಯಲ್ಲಿ ಇದ್ದವು. ಗಿರಣಿಯ ಗೇಟಿನಲ್ಲಿ ಪ್ರತಿಯೊಬ್ಬರಿಗೂ ಒಂದು ಹಿತ್ತಾಳೆ ಬಿಲ್ಲೆ; ಬಿಲ್ಲೆಯ ನಂಬರು ನೋಡಿ ಗುಮಾಸ್ತ ಹಾಜರಿ ಹಾಕುತ್ತಿದ್ದ. ಬೆಂಕಿ ಆರಿದ ಮೇಲೆ ಮುಖ ನೋಡಿ ಗುರುತು ಹಿಡಿಯುವ ಹಾಗೆ ಒಬ್ಬರೂ ಉಳಿದಿರಲಿಲ್ಲ. ಮೈಮೇಲೆ ಸಿಕ್ಕಿದ ಬಿಲ್ಲೆ ನೋಡಿ, ಪುಸ್ತಕದಲ್ಲಿ ಆ ನಂಬರಿನ ಎದುರು ಇದ್ದ ಹೆಸರು ಬರೆದುಕೊಂಡರು.

ಸತ್ತವರ ಕಡೆಯವರು ಯಾರಾದರೂ ಇದ್ದಾರೆಯೇ ಅಂತ ಹುಡುಕಿದಾಗ ಸಿಕ್ಕಿದ್ದು ಗಿರಣಿ ಅಜ್ಜಿ. ಗಿರಣಿಯ ಬೆಂಕಿಯಲ್ಲಿ ಅಕ್ಕನನ್ನು ಕಳೆದುಕೊಂಡವರು ಅಂತ ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಪಟ್ಟಿಯಲ್ಲಿ ಏಳನೆಯವಳ ತಂಗಿ. ಗಂಡ ತೀರಿಹೋಗಿದ್ದರು, ನರ್ಸ್ ಆಗಿದ್ದ ಒಬ್ಬಳೇ ಮಗಳ ಜೊತೆ ಎರಡನೇ ಮಹಡಿಯ ಸಣ್ಣ ಮನೆಯಲ್ಲಿದ್ದರು. ಮಗಳು ಬೆಳಗಿನ ಪಾಳಿಗೆ ಹೋದಮೇಲೆ ನಾನು ಹೋಗುತ್ತಿದ್ದೆ. ಅಜ್ಜಿ ಕಿಟಕಿಯ ಪಕ್ಕ ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ದಿನಪತ್ರಿಕೆ ಹರವಿಕೊಂಡು ಕೂತಿರುತ್ತಿದ್ದರು. ನಾನು ಬಂದ ಕೂಡಲೇ ಅದನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, “ಬಾ ಮೇಡಮ್ಮ, ಲೋಕದ ಸುದ್ದಿ ಮುಗೀತು, ಇನ್ನು ನಮ್ದು ಶುರು ಮಾಡೋಣ,” ಅನ್ನುತ್ತಿದ್ದರು.

ಮೊದಲ ಎರಡು ದಿನ, ಅಕ್ಕ ಹೇಳುತ್ತಿದ್ದಳು ಅಂತ, ಎಲ್ಲರೂ ಹೇಳುವಂಥದ್ದೇ ಹೇಳಿದರು. ಕೂದಲಿಗೆ ಹತ್ತಿಯ ದೂಳು ಮೆತ್ತಿಕೊಳ್ಳುತ್ತಿದ್ದದ್ದು, ಊಟಕ್ಕೆ ಕೂತಾಗಲೂ ಕಿವಿಯಲ್ಲಿ ಯಂತ್ರ ಓಡುತ್ತಿದ್ದದ್ದು, ಉಸ್ತುವಾರಿಯವನಿಗೆ ಹೆಂಗಸರೆಲ್ಲ ಸೇರಿ ‘ಗೂಬೆ’ ಅಂತ ಹೆಸರಿಟ್ಟದ್ದು. ಮೂರನೇ ದಿನ, ಉಚ್ಚಾರ ಸರಿಯಿದೆಯೇ ನೋಡಿ ಅಂತ ನಾನು ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಏಳನೇ ಹೆಸರಿಗೆ ಬಂದಾಗ ಅಜ್ಜಿ ಕೈಯೆತ್ತಿದರು.

“ಅದು ನಾನು.”

“ನಿಮ್ಮಕ್ಕ ಅಲ್ವಾ ಅಮ್ಮಾ?”

“ಅಕ್ಕಾನೇ ನಾನು. ಸತ್ತಿದ್ದು ತಂಗಿ.”

ನಾನು ರೆಕಾರ್ಡರಿನ ಕೆಂಪು ದೀಪ ನೋಡಿಕೊಂಡೆ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅಷ್ಟು ನಾನು ಕಲಿತಿದ್ದೇನೆ. ಅಜ್ಜಿ ತಾವಾಗಿಯೇ ಮುಂದುವರಿಸಿದರು.

“ನನಗೆ ಹತ್ತೊಂಬತ್ತು, ಅವಳಿಗೆ ಹದಿನಾರು. ಅವಳು ಸ್ಕೂಲಿಗೆ ಹೋಗ್ತಿದ್ಲು, ಭಾರಿ ಚುರುಕು. ಅವತ್ತು ಅವಳಿಗೆ ರಜ. ನನಗೆ ಬೆಳಗ್ಗೆ ಪಾಳಿ. ‘ನೀನು ಹೋಗೇ ಇವತ್ತೊಂದಿನ, ನನ್ ಬಿಲ್ಲೆ ತಗೊಂಡು’ ಅಂದೆ. ಎಲ್ಲರೂ ಹಂಗೆ ಮಾಡ್ತಿದ್ರು, ಗುಮಾಸ್ತ ಮುಖ ಎಲ್ಲಿ ನೋಡ್ತಿದ್ದ? ನನಗೆ ಮೈ ಹುಷಾರಿರಲಿಲ್ಲ ಅಂದ್ಕೊಂಡ್ಯಾ? ಗುಂಡುಕಲ್ಲಿನ ಹಂಗಿದ್ದೆ. ಏಳೋಕೆ ಬೇಜಾರಾಗಿತ್ತು, ಅಷ್ಟೇ. ಹೊದ್ಕೊಂಡು ಮಲಗಿದ್ದೆ. ಕೂಗು ಕೇಳಿ ಎದ್ದೆ.”

ಐವತ್ತೆಂಟು ವರ್ಷ ಈ ಹೆಂಗಸು ಆ ಹೊದಿಕೆಯನ್ನು ಹೊದ್ದುಕೊಂಡೇ ಇದ್ದಾರೆ ಅನ್ನಿಸಿತು.

ಮಿಕ್ಕದ್ದನ್ನು ಅವರು ಚುಟುಕಾಗಿ ಹೇಳಿದರು. ಗಿರಣಿಯ ಪುಸ್ತಕದಲ್ಲಿ ಅಕ್ಕ ಸತ್ತಳು ಅಂತ ಆಗಿಹೋಗಿತ್ತು. ಬಿಲ್ಲೆ ಬದಲಿ ಮಾಡಿದ್ದು ಗೊತ್ತಾದರೆ ಅಪ್ಪನ ಕೆಲಸವೂ ಹೋಗುತ್ತದೆ, ಗಿರಣಿ ಕೊಟ್ಟ ಮನೆಯೂ ಹೋಗುತ್ತದೆ. ಅಪ್ಪ ಒಂದೇ ಮಾತು ಹೇಳಿದ: “ಇವತ್ತಿಂದ ನೀನೇ ಚಿಕ್ಕವಳು.” ಗುರುತಿನವರ ಕಣ್ಣು ತಪ್ಪಿಸಲು ಕೆಲವು ತಿಂಗಳಲ್ಲಿ ಮನೆ ಬದಲಾಯಿಸಿದರು. ಮದುವೆ ಚಿಕ್ಕವಳ ಹೆಸರಲ್ಲಿ ಆಯಿತು, ಆಮೇಲಿನ ಕಾಗದಪತ್ರವೆಲ್ಲ ಚಿಕ್ಕವಳ ಹೆಸರಲ್ಲೇ. ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ.

“ಮೇಡಮ್ಮ, ನನಗೆ ಎಪ್ಪತ್ತೇಳು. ನನಗೇನೂ ಬೇಕಾಗಿಲ್ಲ. ಆ ಕಲ್ಲಿನ ಮೇಲೆ ಅವಳ ಹೆಸರು ಬರಬೇಕು. ಅವಳು ಸತ್ಲು ಅಂತ ಈ ಭೂಮಿ ಮೇಲೆ ಒಂದು ಕಡೆಯಾದ್ರೂ ಇರಬೇಕು. ಇಲ್ಲಿತನಕ ಅವಳಿಗೋಸ್ಕರ ಯಾರೂ ಒಂದು ತೊಟ್ಟು ಕಣ್ಣೀರು ಹಾಕಿಲ್ಲ, ಗೊತ್ತಾ? ಅತ್ತೋರೆಲ್ಲ ನನ್ನ ಹೆಸರು ಹಿಡ್ಕೊಂಡು ಅತ್ರು. ನಿನ್ ಕೈಲಾಗುತ್ತಾ?”

“ಆಗುತ್ತೆ ಅಮ್ಮಾ,” ಅಂದೆ. ನಾನು ಅಷ್ಟು ಬೇಗ ಯಾರಿಗೂ ಮಾತು ಕೊಟ್ಟವಳಲ್ಲ.

“ಮಗಳಿಗೆ ಮಾತ್ರ ಈಗಲೇ ಬೇಡ. ಕಲ್ಲು ನಿಂತಮೇಲೆ ಅಲ್ಲಿಗೇ ಕರ್ಕೊಂಡು ಹೋಗಿ, ತಂಗಿ ಹೆಸರಿನ ಮುಂದೆ ನಿಂತ್ಕೊಂಡು ನಾನೇ ಹೇಳ್ತೀನಿ.”

ಮರುದಿನವೇ ತಾಳೆ ನೋಡುವ ಕೆಲಸಕ್ಕೆ ಹೊರಟೆ. ಹುಡುಗಿ ಓದಿದ ಶಾಲೆ ಇನ್ನೂ ಇತ್ತು. ಹಳೆಯ ಹಾಜರಿ ಪುಸ್ತಕಗಳು ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳ ಕೆಳಗೆ ಬಿದ್ದಿದ್ದವು. ಮೂರು ದಿನ ದೂಳು ಕುಡಿದ ಮೇಲೆ ಸಿಕ್ಕಿತು. ಬೆಂಕಿಯ ಹಿಂದಿನ ದಿನ ಚಿಕ್ಕವಳು ಹಾಜರು. ಬೆಂಕಿಯ ದಿನ ಶಾಲೆಗೆ ರಜ. ಅದರ ಮರುದಿನ ಗೈರು, ಆಮೇಲೂ ಗೈರು, ಪುಟದ ಕೊನೆಯವರೆಗೂ ಗೈರು. ಮುಂದಿನ ತಿಂಗಳು ಯಾರೋ ಕೆಂಪು ಶಾಯಿಯಲ್ಲಿ ಹೆಸರಿನ ಮೇಲೆ ಗೆರೆ ಎಳೆದು ‘ಶಾಲೆ ಬಿಟ್ಟಿದ್ದಾಳೆ’ ಅಂತ ಬರೆದಿದ್ದರು. ಆ ಕೋಣೆಯಲ್ಲೇ ಕೂತು ನಾನು ಅತ್ತೆ. ಅಜ್ಜಿ ಹೇಳಿದ ಆ ಒಂದು ತೊಟ್ಟು ಅದೇ ಇರಬೇಕು.

ಕಂಪನಿಯ ಕಡೆಯಿಂದ ಈ ಗೋಡೆಯ ಉಸ್ತುವಾರಿ ಪ್ರಚಾರ ವಿಭಾಗದ ಅಧಿಕಾರಿಯದು. ಮೂವತ್ತು ದಾಟದ ಮನುಷ್ಯ, ಕಟ್ಟಡದ ಕೆಸರಲ್ಲಿ ಓಡಾಡಿದರೂ ಶೂ ಮಾತ್ರ ಫಳಫಳ. ಇವನು ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ ಏನೋ ಹೇಳಿ ಕಳಿಸುತ್ತಾನೆ ಅಂತ ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆತ ಶಾಲೆಯ ಪುಟದ ಫೋಟೋವನ್ನು ಬಹಳ ಹೊತ್ತು ನೋಡಿದ.

“ಮೇಡಂ, ನಾನು ಒಪ್ತೀನಿ. ನಮ್ ವಕೀಲರು ಒಪ್ಪಬೇಕಲ್ಲ. ವಿಚಾರಣೆ ವರದಿಯನ್ನೇ ತಪ್ಪು ಅಂತಿದೀವಿ. ಆ ಅಮ್ಮ ಹೇಳಿದ್ದು ಬರಹದಲ್ಲಿ, ಸಹಿ ಸಮೇತ ಬೇಕು. ಹದಿನೆಂಟನೇ ತಾರೀಕು ಸಂಜೆ ಒಳಗೆ ಕೊಡಿ. ಹತ್ತೊಂಬತ್ತಕ್ಕೆ ಕಲ್ಲಿನವರು ಉಳಿ ಹಿಡೀತಾರೆ.”

“ಅಷ್ಟೇನಾ?”

“ಅಷ್ಟೇ.”

ಜಗಳವಾಡದೆ ಹಿಂದಿರುಗಿದ್ದಕ್ಕೆ ನನಗೇ ಒಂಥರಾ ಆಯಿತು. ಎರಡು ರಾತ್ರಿ, ಎರಡು ಹಗಲು ಕೂತು ಟೈಪ್ ಮಾಡಿದೆ. ಇಪ್ಪತ್ತೆರಡು ಪುಟ. ‘ಕಾಗದಪತ್ರಗಳಲ್ಲಿ ನನ್ನ ತಂಗಿಯ ಹೆಸರಿನಿಂದ ಇರುವ ನಾನು’ ಅಂತ ಶುರುವಾಗುವ ಒಂದು ಹೇಳಿಕೆ, ಅದರ ಹಿಂದೆ ಅಜ್ಜಿ ಆಡಿದ ಪ್ರತಿ ಮಾತು, ಕೆಮ್ಮಿದ್ದು ಕೂಡ. ಹದಿನೈದರ ಬೆಳಗ್ಗೆ ತೆಗೆದುಕೊಂಡು ಹೋಗಿ ಅವರ ಕೈಗಿಟ್ಟೆ.

ಅಜ್ಜಿ ಕನ್ನಡಕ ಏರಿಸಿಕೊಂಡು ಮೊದಲ ಪುಟ ನೋಡಿದರು. ತಲೆದೂಗಿದರು. ಎರಡನೆಯದನ್ನು ತಿರುವಿದರು, ಅದಕ್ಕೂ ತಲೆದೂಗಿದರು.

“ಚೆನ್ನಾಗಿದೆ ಮೇಡಮ್ಮ. ಪೆನ್ನು ಕೊಡು, ಸಹಿ ಹಾಕಿಬಿಡ್ತೀನಿ.”

ಪೆನ್ನು ನನ್ನ ಕೈಯಲ್ಲೇ ಇತ್ತು. ಇದನ್ನು ಬರೆಯುವಾಗಲೂ ಆ ಪೆನ್ನು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ, ನೀಲಿ ಮುಚ್ಚಳದ್ದು. ನಾನು ಅದನ್ನು ಹಿಂದಕ್ಕೆ ಎಳೆದುಕೊಂಡೆ.

“ಈಗಲೇ ಬೇಡ ಅಮ್ಮಾ. ಪೂರ್ತಿ ಓದಬೇಕು ನೀವು. ಎರಡು ದಿನ ತಗೊಳ್ಳಿ. ತಪ್ಪಿದ್ರೆ ಪೆನ್ಸಿಲ್ಲಲ್ಲಿ ಗುರುತು ಹಾಕಿ. ಓದದೆ ಸಹಿ ಹಾಕಬಾರದು.”

“ನೀನು ಬರೆದಮೇಲೆ ತಪ್ಪೆಲ್ಲಿರುತ್ತೆ? ಹಾಕ್ತೀನಿ ಕೊಡು.”

“ಇಲ್ಲ ಅಮ್ಮಾ, ಅದು ನನ್ನ ನಿಯಮ. ಒಂದು ಪುಟ ಓದದೆ ಬಿಟ್ಟಿದೀರಿ ಅಂತ ಗೊತ್ತಾದ್ರೂ ನಾನು ಇದನ್ನ ತಗೊಳ್ಳಲ್ಲ.”

ಅಚ್ಚುಮೊಳೆಯವರ ಕಥೆಯನ್ನೂ ಹೇಳಿದೆ, ಉಪದೇಶ ಅರ್ಧಕ್ಕೆ ನಿಲ್ಲಿಸಿದರೆ ಪಾಪ ಬರುತ್ತದೆ ಅನ್ನುವ ಹಾಗೆ. ಅಜ್ಜಿ ಪುಟಗಳನ್ನು ನೋಡಿದರು, ನನ್ನ ಮುಖ ನೋಡಿದರು. “ಓದದೆ ಆಗೋದೇ ಇಲ್ವಾ?” ಅಂತ ಇನ್ನೊಮ್ಮೆ ಕೇಳಿದರು. ಆಗೋದೇ ಇಲ್ಲ ಅಂದೆ. ಮೆಟ್ಟಿಲು ಇಳಿಯುವಾಗ ನಾನು ಖುಷಿಯಲ್ಲಿದ್ದೆ. ಮನೆಗೆ ಬಂದು ಗಂಡನಿಗೂ ಹೇಳಿದೆ, “ಹಾಕ್ತೀನಿ ಅಂದ್ರೂ ನಾನು ಹಾಕಿಸ್ಕೊಳ್ಳಲಿಲ್ಲ ನೋಡು.”

ಹದಿನೇಳರ ಸಂಜೆ ಫೋನು ಬಂತು. ಅಜ್ಜಿಯ ಮಗಳು. ನಾನು ಅವಳನ್ನು ಒಂದೇ ಸಲ, ಬಾಗಿಲಲ್ಲಿ ನೋಡಿದ್ದೆ.

“ಈಗಲೇ ಬರ್ತೀರಾ, ಇಲ್ಲ ನಾನೇ ಅಲ್ಲಿಗೆ ಬರಲಾ?” ಅಂದಳು.

ಹೋದೆ. ಬಾಗಿಲು ತೆರೆದೇ ಇತ್ತು. ಮಗಳು ಡ್ಯೂಟಿಯ ಬಟ್ಟೆಯಲ್ಲೇ ನಿಂತಿದ್ದಳು. ಇಪ್ಪತ್ತೆರಡು ಪುಟವೂ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದವು. ಅಜ್ಜಿ ಕಿಟಕಿಯ ಪಕ್ಕ ತಮ್ಮ ಕುರ್ಚಿಯಲ್ಲಿದ್ದರು, ಕನ್ನಡಕ ಇರಲಿಲ್ಲ.

“ನಮ್ಮಮ್ಮನಿಗೆ ಓದೋಕೆ ಬರಲ್ಲ. ನಿಮಗೆ ಗೊತ್ತಿತ್ತಾ?” ಅಂದಳು ಮಗಳು.

“ಇಲ್ಲ,” ಅಂದೆ.

“ನನಗೂ ಗೊತ್ತಿರಲಿಲ್ಲ. ಐವತ್ತು ವರ್ಷದಿಂದ ಇವಳ ಮಗಳಾಗಿದೀನಿ. ದಿನಾ ನನ್ ನೋಟ್‌ಬುಕ್ ನೋಡ್ತಿದ್ಲು ರೀ. ‘ಈ ಸಾಲು ಓರೆಯಾಗಿದೆ, ತಿರುಗಿ ಬರಿ’ ಅಂತ ಕಿವಿ ಹಿಂಡ್ತಿದ್ಲು.”

ಓದಿದವಳು ಚಿಕ್ಕವಳು. ಶಾಲೆಗೆ ಹೋದವಳು ಚಿಕ್ಕವಳು. ದೊಡ್ಡವಳು ಹನ್ನೆರಡನೇ ವಯಸ್ಸಿಗೆ ಹತ್ತಿ ಬಿಡಿಸಲು ಹೋದವಳು. ಚಿಕ್ಕವಳ ಹೆಸರು ತೆಗೆದುಕೊಂಡಮೇಲೆ ಅವಳ ಓದನ್ನೂ ತೆಗೆದುಕೊಂಡು ನಟಿಸಬೇಕಾಗಿತ್ತು, ದಿನಾ ಬೆಳಗ್ಗೆ, ಪತ್ರಿಕೆ ಮಡಿಲಲ್ಲಿ ಹರವಿಕೊಂಡು. ಶಾಲೆಯ ಪುಸ್ತಕದಲ್ಲಿ ಒಂದು ಗೈರಿಗಾಗಿ ಮೂರು ದಿನ ದೂಳು ಕುಡಿದ ನಾನು, ಎದುರಿಗೇ ಕೂತಿದ್ದವರನ್ನು ‘ಅಮ್ಮಾ, ನಿಮಗೆ ಓದೋಕೆ ಬರುತ್ತಾ?’ ಅಂತ ಕೇಳಿರಲಿಲ್ಲ. ನೂರೆಂಟು ಪ್ರಶ್ನೆ ಕೇಳಿದ್ದೆ.

ನಡೆದದ್ದು ಇಷ್ಟು. ಓದದೆ ಸಹಿ ಹಾಕಿದರೆ ನಾನು ತೆಗೆದುಕೊಳ್ಳುವುದಿಲ್ಲ ಅಂತ ಅಜ್ಜಿ ಹೆದರಿದರು. ಮಗಳಿಲ್ಲದ ಹೊತ್ತಿನಲ್ಲಿ ಪುಟಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆಳಗಿನ ಮನೆಯ ಟೈಲರಮ್ಮನ ಹತ್ತಿರ ಹೋಗಿ, “ಕಣ್ಣು ಮಂಜಾಗಿದೆ, ಓದಿ ಹೇಳು,” ಅಂದರು. ಟೈಲರಮ್ಮ ಆರು ಪುಟ ಓದಿ ನಿಲ್ಲಿಸಿದಳು. ಒಳ್ಳೆಯ ಹೆಂಗಸು, ಇಷ್ಟು ದೊಡ್ಡ ವಿಷಯ ತಾನೊಬ್ಬಳೇ ಇಟ್ಟುಕೊಳ್ಳುವುದು ತಪ್ಪು ಅಂತ ಅವಳಿಗೆ ಅನ್ನಿಸಿತು. ಸಂಜೆ ಮಗಳು ಮೆಟ್ಟಿಲು ಹತ್ತುವಾಗ ನಿಲ್ಲಿಸಿ ಹೇಳಿದಳು.

“ನನಗೆ ಇಟ್ಟಿರೋ ಹೆಸರು ಯಾವುದು ಗೊತ್ತಾ?” ಮಗಳು ಪುಟಗಳ ಜೊತೆಗೆ ನಾನು ಇಟ್ಟಿದ್ದ ಪಟ್ಟಿಯಲ್ಲಿ ಏಳನೇ ಸಾಲಿನ ಮೇಲೆ ಬೆರಳು ಕುಟ್ಟಿದಳು. “ಇದು. ಬೆಂಕಿಯಲ್ಲಿ ಸತ್ತ ದೊಡ್ಡಮ್ಮನ ಹೆಸರು ಅಂತ ಹೇಳಿ ಬೆಳೆಸಿದ್ಲು. ದೊಡ್ಡಮ್ಮನೇ ಇಲ್ವಂತಲ್ಲ! ತನ್ನ ಹೆಸರನ್ನೇ ತೆಗೆದು ನನಗಿಟ್ಟಿದಾಳೆ. ಬೆಳಗ್ಗೆಯಿಂದ ಸಂಜೆತನಕ ನನ್ನ ಕೂಗ್ತಿದ್ಲಲ್ಲ, ಯಾರನ್ನ ಕೂಗ್ತಿದ್ಲು ಹಾಗಾದ್ರೆ?”

“ನಿಮಗೆ ನೋವಾಗಿದೆ. ಅವರು ನಿಮಗೆ ತಾವೇ ಹೇಳಬೇಕು ಅಂತಿದ್ರು...”

“ನಿಮಗೆ ಹೇಳಿದ್ಲಲ್ಲ, ಮೂರು ದಿನದ ಪರಿಚಯಕ್ಕೆ. ನನಗೆ ಹೇಳೋಕೆ ಐವತ್ತು ವರ್ಷ ಸಾಲಲಿಲ್ಲ.” ಅವಳು ತಾಯಿಯ ಕಡೆ ತಿರುಗಿದಳು. “ಏಳೋಕೆ ಬೇಜಾರಾಯ್ತು ಅಂತ ಹದಿನಾರು ವರ್ಷದ ಹುಡುಗೀನ ಕಳಿಸ್ದೆ. ಇದನ್ನ ಗೋಡೆ ಮೇಲೆ ಹಾಕಿಸ್ಬೇಕಾ? ಊರೆಲ್ಲ ಓದಬೇಕಾ?”

ಅದು ಹಾಗಲ್ಲ, ಗೋಡೆಯ ಮೇಲೆ ಬರುವುದು ಬರೀ ಹೆಸರು, ಈ ಪುಟಗಳನ್ನು ವಕೀಲರ ಹೊರತು ಯಾರೂ ನೋಡುವುದಿಲ್ಲ ಅಂತ ನಾನು ಹೇಳಿದೆ. ಎರಡೆರಡು ಸಲ ಹೇಳಿದೆ. ಅವಳ ಕಿವಿಗೆ ಬೀಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ನಾನು ಅಜ್ಜಿಯ ಮುಂದೆ ಮಂಡಿಯೂರಿ ಕೂತೆ.

“ಅಮ್ಮಾ, ನಾಳೆ ಸಂಜೆತನಕ ಟೈಮಿದೆ. ಮೊದಲನೇ ಪುಟ ಒಂದಕ್ಕೆ ಸಹಿ ಹಾಕಿದ್ರೂ ಸಾಕು. ಏನು ಮಾಡೋಣ?”

ಅಜ್ಜಿ ಮಗಳನ್ನು ನೋಡಿದರು. ಆಮೇಲೆ ನನ್ನನ್ನು. “ನೀನು ಹೇಳಿದ್ದಕ್ಕೇ ಓದಿಸ್ದೆ ಮೇಡಮ್ಮ,” ಅಂದರು. ದೂರಿನ ದನಿಯಲ್ಲ, ಹೇಳಿದ ಪಾಠ ಒಪ್ಪಿಸುವ ಮಗುವಿನ ದನಿ. ಆಮೇಲೆ ಅಂದರು, “ಬೇಡ ಬಿಡು.”

ನನ್ನ ಕೆಲಸದಲ್ಲಿ ಹೇಳಿದವರು ಬೇಡ ಅಂದರೆ ಬೇಡ. ಅದಕ್ಕೆ ಮೇಲೆ ಅಪೀಲಿಲ್ಲ. ನಾನು ಪುಟಗಳನ್ನು ಜೋಡಿಸಿ ಮಗಳ ಕೈಗೇ ಕೊಟ್ಟು ಬಂದೆ.

ಮರುದಿನ ಮಧ್ಯಾಹ್ನ ಅಧಿಕಾರಿಗೆ ಹೇಳಿದೆ. ಆತ ಸುಮ್ಮನೆ ಬಿಡಲಿಲ್ಲ, ಅದೇ ನನಗೆ ಈಗಲೂ ಚುಚ್ಚುವುದು.

“ಮೇಡಂ, ಅವರ ದನಿ ನಿಮ್ಮ ಹತ್ರ ಇದೆಯಲ್ಲ? ಅದನ್ನೇ ಕೊಡಿ. ಶಾಲೆ ಪುಟ, ಈ ದನಿ ಎರಡೂ ಇಟ್ಕೊಂಡು ನಾನು ವಕೀಲರ ಹತ್ರ ಕೂತು ಮಾತಾಡ್ತೀನಿ. ಒಪ್ಪಿದ್ರೂ ಒಪ್ಪಬಹುದು.”

“ಅವರು ಬೇಡ ಅಂದಿದಾರೆ.”

“ಮಗಳೆದುರು ಅಂದಿರಬೇಕು.”

“ಎಲ್ಲಿ ಅಂದ್ರೂ ಅಂದಂಗೇ.”

“ಸರಿ. ನಾಳೆ ಬೆಳಗ್ಗೆ ಹೇಳಿದ್ರೂ ಕಲ್ಲಿನವರಿಗೆ ಹೇಳಿ ಮೊದಲು ಬೇರೆ ಸಾಲು ಕೆತ್ತಿಸ್ತೀನಿ,” ಅಂದ.

ಆ ಸಂಜೆ ಗಂಡ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದ. ನಾನು ಅತ್ತಿಂದಿತ್ತ ಓಡಾಡುವುದು ನೋಡಿ ಕೆಂಪು ಪೆನ್ನು ಕೆಳಗಿಟ್ಟ. ಎಲ್ಲ ಹೇಳಿದೆ. ಅವನು ತಮಾಷೆ ಮಾಡಲಿಲ್ಲ.

“ನೀನು ಇನ್ನೊಂದ್ಸಲ ಒಬ್ಬಳೇ ಹೋಗಿ ಕೇಳಬಹುದಿತ್ತಲ್ಲೇ, ಮಗಳು ಡ್ಯೂಟಿಗೆ ಹೋದಾಗ?”

“ಹಂಗೆ ಬೆನ್ನು ಹತ್ತೋದು ತಪ್ಪು ಕಣೋ. ಒತ್ತಾಯ ಆಗುತ್ತೆ.”

“ನಿನ್ನ ನಿಯಮದಿಂದ ಈ ವಾರ ಯಾರಿಗೆ ಒಳ್ಳೇದಾಯ್ತು, ಹೇಳು ನೋಡೋಣ.”

ನಾನು ಅವನ ಮೇಲೆ ರೇಗಿದೆ. ಮೂಗಿನ ಮೇಲೇ ಕೋಪ ನನಗೆ; ತಪ್ಪು ನನ್ನದಾದಾಗ ಇನ್ನೂ ಜಾಸ್ತಿ. ಹತ್ತೊಂಬತ್ತರ ಬೆಳಗ್ಗೆ ಫೋನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಮಾಡಲಿಲ್ಲ. ಅಚ್ಚುಮೊಳೆಯವರ ಮುಖ ನೆನಪಿಸಿಕೊಂಡು ನಾನು ಮಾಡುತ್ತಿರುವುದೇ ಸರಿ ಅಂತ ನನಗೆ ನಾನೇ ಹೇಳಿಕೊಂಡೆ.

ಮುಂದಿನ ತಿಂಗಳು ಗೋಡೆಯ ಉದ್ಘಾಟನೆ ಆಯಿತು. ಬೆಳಗಿನ ಹೊತ್ತು, ಬಿಸಿಲು ಇನ್ನೂ ಎಳೆಯದು. ಕುರ್ಚಿ ಹಾಕಿದ್ದರು, ಭಾಷಣವಾಯಿತು, ನನ್ನ ನಾಲ್ಕು ಸಾಲನ್ನು ಯಾರೋ ತಪ್ಪಾಗಿ ಓದಿದರು, ಫೋಟೋ ತೆಗೆದರು. ಜನ ಚಹಾದ ಕಡೆ ಹೊರಟಾಗ ಗೇಟಿನಿಂದ ಗಿರಣಿ ಅಜ್ಜಿ ಬರುತ್ತಿರುವುದು ಕಂಡಿತು. ಪಕ್ಕದಲ್ಲಿ ಟೈಲರಮ್ಮ. ಮಗಳು ಇರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರಂತೆ.

“ಮಗಳಿಗೆ ಗೊತ್ತಿಲ್ಲ,” ಅಂದರು ಅಜ್ಜಿ ಹತ್ತಿರ ಬಂದು, ಗುಟ್ಟು ಹೇಳುವ ಹಾಗೆ. “ಮಾತಾಡೋದೇ ಬಿಟ್ಟಿದಾಳೆ. ಬಡಿಸ್ತಾಳೆ, ಔಷಧಿ ಕೊಡ್ತಾಳೆ, ಮಾತಿಲ್ಲ. ಇರಲಿ ಬಿಡು. ಎಲ್ಲಿ ತೋರಿಸು.”

“ಅಮ್ಮಾ... ನೀವು ಬೇಡ ಅಂದ್ರಲ್ಲ.”

“ಅವಳು ಎದುರಿಗೆ ನಿಂತಿರುವಾಗ ಇನ್ನೇನು ಹೇಳಲಿ? ನೀನು ಓದ್ದೋಳು, ಅಷ್ಟು ಗೊತ್ತಾಗಲ್ವಾ? ಹೆಂಗಾದ್ರೂ ಮಾಡಿರ್ತೀಯ ಅಂತ ನನಗೆ ಗೊತ್ತು. ಮಾತು ಕೊಟ್ಟಿದ್ಯಲ್ಲ.”

ಅವರು ನಗುತ್ತಿದ್ದರು. ನಾನು ನೋಡಿದ್ದು ಅದೇ ಮೊದಲು, ಆ ಹೆಂಗಸು ನಕ್ಕಿದ್ದು. ಪುಟ ತಿರುವಿ ಹಾಕಿದ ಹಾಗೆ ನನ್ನ ತಲೆ ಓಡಿತು. ಅಜ್ಜಿಗೆ ಓದಲು ಬರುವುದಿಲ್ಲ. ಜೊತೆಗೆ ಬಂದ ಟೈಲರಮ್ಮ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಿದ್ದಳು. ಅವಳು ಬಾಯಿ ಬಿಡುವುದಿಲ್ಲ. ಇಪ್ಪತ್ತೈದು ವರ್ಷ ಒಂದು ಅಕ್ಷರ ಸುಳ್ಳು ಬರೆಯದವಳು ನಾನು. ಅಜ್ಜಿಯ ಕೈ ಹಿಡಿದುಕೊಂಡು ಗೋಡೆಯ ಹತ್ತಿರ ನಡೆದೆ. ಏಳನೇ ಸಾಲಿನ ಮೇಲೆ ಅವರ ಬೆರಳು ಇಟ್ಟೆ.

“ಇಗೋ ಅಮ್ಮಾ. ಇದೇ ನಿಮ್ಮ ತಂಗಿ.”

ಅಜ್ಜಿ ಬೆರಳನ್ನು ಮೊದಲ ಅಕ್ಷರದ ಕುಳಿಯೊಳಗೆ ಇಳಿಸಿದರು. ಮೆಲ್ಲಗೆ ಅದರ ಸುತ್ತು ಹಿಡಿದು ಹೋದರು. ಎರಡನೇ ಅಕ್ಷರ. ಮೂರನೆಯದು. ಅಲ್ಲಿಗೆ ಬೆರಳು ನಿಂತಿತು.

“ಇದಲ್ಲ.”

“ಇದೇ ಅಮ್ಮಾ.”

“ಅಲ್ಲ ಮೇಡಮ್ಮ. ಅವಳ ಹೆಸರೊಂದು ನನಗೆ ಓದೋಕೆ ಬರುತ್ತೆ. ಅವಳ ಸ್ಕೂಲ್ ಪುಸ್ತಕದ ಮೇಲೆ ಬರ್ಕೊಂಡಿದ್ಲು. ಅದರ ಮೇಲೇ ತಿದ್ದಿ ತಿದ್ದಿ ಸಹಿ ಕಲ್ತಿದ್ದು ನಾನು. ಅದೊಂದೇ ಬರೋದು.” ಅವರು ನನ್ನ ಕಡೆ ನೋಡಲಿಲ್ಲ. “ಇದು ಯಾರ್ದು?”

“ನಿಮ್ಮದು,” ಅಂದೆ.

ಅವರು ಆ ಸಾಲಿನಿಂದ ಕೈ ತೆಗೆದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೆರಳನ್ನು ಎಂಟನೇ ಹೆಸರಿನ ಮೇಲೆ ಇಟ್ಟು ಅಕ್ಷರ ಅಕ್ಷರವಾಗಿ ಸವರಿ ನೋಡಿದರು, ಒಂಬತ್ತನೆಯದನ್ನೂ ನೋಡಿದರು. ಅಲ್ಲೆಲ್ಲಾದರೂ ತಪ್ಪಿ ಕೂತಿರಬಹುದು ಅನ್ನುವ ಹಾಗೆ ಹುಡುಕುತ್ತಾ ಹನ್ನೆರಡಕ್ಕೆ ಬಂದರು. ಅದರ ಕೆಳಗೆ ನನ್ನ ನಾಲ್ಕು ಸಾಲಿತ್ತು, ಅದನ್ನೂ ಬಿಡಲಿಲ್ಲ. ಆಮೇಲೆ ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಮೊದಲನೇ ಹೆಸರಿನಿಂದ ಶುರು ಮಾಡಿದರು.